ಟಿಕ್ ಎನ್ನದ ಮೂವತ್ತೊಂದು

ಟಿಕ್.

ಮಾರ್ಚ್ ತಿಂಗಳಲ್ಲಿ ನಮ್ಮ ವೆರಶ್‌ಕೂತ್ ಊರಿನ ಯಾವ ಓಣಿಯಲ್ಲಿ ನಿಂತರೂ ಯಾವುದೋ ಮನೆಯ ನೆಲಮಾಳಿಗೆಯಿಂದ ಚಾಕು ಮಸೆಯುವ ಸದ್ದು ಕೇಳುತ್ತದೆ. ಊರಿಗೆ ಊರೇ ದ್ರಾಕ್ಷಿ ಬಳ್ಳಿಗೆ ಕಸಿ ಕಟ್ಟುವ ತಿಂಗಳು ಅದು. ಆದರೆ ಈ ಟಿಕ್ ಕೇಳಬೇಕೆಂದರೆ ಎತುಶ್ ನೇನಿಯ ಮಗ್ಗುಲಲ್ಲೇ ಕೂತಿರಬೇಕು. ಹನ್ನೊಂದು ವರ್ಷ ನಾನು ಅಲ್ಲೇ ಕೂತಿದ್ದೆ, ಅವಳ ಎಡಗಡೆಗೆ. ಎಡಗಡೆ ಕೂರುವವರಿಗೆ ಒಂದು ಅನುಕೂಲವಿತ್ತು. ಅವಳ ಬಗ್ಗೆ ಏನು ಬೇಕಾದರೂ ಪಿಸುಗುಡಬಹುದಿತ್ತು. ಎಂಟನೇ ವಯಸ್ಸಿನಲ್ಲಿ ಮಂಗನಬಾವು ಬಂದು ಹೋದಾಗ ಅವಳ ಎಡಗಿವಿಯನ್ನೂ ಕರೆದುಕೊಂಡು ಹೋಗಿತ್ತು.

ಬಲಗಿವಿ ಮಾತ್ರ ಇಬ್ಬರ ಕೆಲಸ ಮಾಡುತ್ತಿತ್ತು.

ಕಸಿಗೆ ಕಡ್ಡಿ ಎರಡು. ಕೆಳಗಿನದು ಕಾಡುಬಳ್ಳಿಯದು, ಮೊಳದುದ್ದ; ಬೇರು ಬಿಡುವುದು ಅದರ ಪಾಲಿನ ಕೆಲಸ. ಮೇಲಿನದು ಹೆಬ್ಬೆರಳುದ್ದದ ತುಂಡು, ಅದರಲ್ಲಿ ಒಂದೇ ಕಣ್ಣು. ಚಿಗುರಿ ಹಣ್ಣು ಕೊಡಬೇಕಾದದ್ದು ಅದು. ಎರಡನ್ನೂ ಓರೆಯಾಗಿ ಕೊಯ್ದು, ಕೊಯ್ದ ಮುಖದಲ್ಲಿ ನಾಲಿಗೆಯಂಥ ಸೀಳು ಮಾಡಿ, ನಾಲಿಗೆಗೆ ನಾಲಿಗೆ ಕೊಟ್ಟು ಒತ್ತಿದರೆ ಮುಗಿಯಿತು. ಎಲ್ಲರೂ ಹೀಗೇ ಮಾಡುತ್ತಾರೆ. ಎತುಶ್ ನೇನಿ ಒತ್ತುವ ಹೊತ್ತಿಗೆ ಮಾತ್ರ ಕಡ್ಡಿಯನ್ನು ಬಲಗಿವಿಯ ಹತ್ತಿರ ಒಯ್ಯುತ್ತಿದ್ದಳು. ಟಿಕ್ ಎಂದರೆ ಕೂತಿತು, ನನ್ನ ಕಡೆಗೆ ಬರುತ್ತಿತ್ತು. ಎನ್ನದಿದ್ದರೆ ಬಿಚ್ಚಿ ಮತ್ತೆ ಕೊಯ್ಯುತ್ತಿದ್ದಳು. ದಿನಕ್ಕೆ ಎಂಟುನೂರು ಸಲ ಆ ಕೈ ಕಿವಿಗೆ ಹೋಗಿ ಬರುತ್ತಿತ್ತು. ದೂರದಿಂದ ನೋಡಿದವರಿಗೆ ಸೊಳ್ಳೆ ಓಡಿಸುತ್ತಿದ್ದಾಳೆ ಅನ್ನಿಸಬೇಕು.

"ಬಳ್ಳಿ ಒಂದೇ ಸಲ ಮಾತಾಡೋದು ಪಿರಿ," ಎನ್ನುತ್ತಿದ್ದಳು ನನಗೆ. "ಆಮೇಲೆ ನಲವತ್ತು ವರ್ಷ ಬಾಯಿ ಬಿಡಲ್ಲ. ಆ ಒಂದು ಸಲ ಕೇಳಿಸ್ಕೊಳ್ಳೋಕೆ ಏನು ಕಷ್ಟ?"

ಇದನ್ನು ಕಲಿಸಿದವನು ಅವಳ ಅಪ್ಪ. ಮಂಗನಬಾವು ಇಳಿದ ಮರುವರ್ಷ, ಶಾಲೆಯಲ್ಲಿ ಮಕ್ಕಳು ಎಡಗಡೆಯಿಂದ ಬಂದು ಬೆಚ್ಚಿಸಿ ಓಡುತ್ತಾರೆಂದು ಅತ್ತುಕೊಂಡು ಬಂದವಳನ್ನು ಆತ ನೆಲಮಾಳಿಗೆಗೆ ಕರೆದು, ಕೈಗೆ ಚಾಕು ಕೊಟ್ಟು, ಬಲಗಿವಿಗೆ ಕಡ್ಡಿ ಹಿಡಿದಿದ್ದನಂತೆ. ಒಂದು ಕಿವಿ ರಜ ಹಾಕಿದೆ, ಇನ್ನೊಂದಕ್ಕೆ ಒಳ್ಳೆ ನೌಕರಿ ಕೊಡೋಣ ಎಂದಿದ್ದನಂತೆ. ಅಂದಿನಿಂದ ಅರವತ್ನಾಲ್ಕನೇ ವಯಸ್ಸಿನ ತನಕ ಆ ಕಿವಿ ಒಂದು ದಿನವೂ ರಜ ಕೇಳಿರಲಿಲ್ಲ. ಮದುವೆಯಾದ ವರ್ಷವೂ, ಗಂಡ ಲಯೋಶ್ ತೀರಿಕೊಂಡ ವರ್ಷವೂ ಮಾರ್ಚ್ ಬಂತೆಂದರೆ ಅವಳು ಒಲೆಯ ಪಕ್ಕದ ಅದೇ ಮುಕ್ಕಾಲಿ ಪೀಠದ ಮೇಲೆ ಇರುತ್ತಿದ್ದಳು.

ನಮ್ಮ ಮೇಜಿನಲ್ಲಿ ಮೂರೇ ಜನ. ಕೊಯ್ಯುವವಳು ಎತುಶ್ ನೇನಿ. ಕೂಡಿಸಿದ ಕಡ್ಡಿಗೆ ದಾರ ಸುತ್ತಿ, ಬಿಸಿ ಮೇಣದಲ್ಲಿ ಅದ್ದಿ, ಒದ್ದೆ ಮರದ ಹೊಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸುವವಳು ನಾನು. ಎದುರಿಗೆ ಮುದುಕ ವಿಂತ್ಸೆ ಬಾಚಿ; ಹಿರಿಯ ಹೆಂಗಸರನ್ನು ನೇನಿ ಎನ್ನುವಂತೆ ಗಂಡಸರನ್ನು ನಾವು ಬಾಚಿ ಎನ್ನುತ್ತೇವೆ. ಕಾಡುಕಡ್ಡಿಯ ಕಣ್ಣುಗಳನ್ನೆಲ್ಲ ಚಾಕುವಿನಿಂದ ಕಿತ್ತು ಅದನ್ನು ಕುರುಡು ಮಾಡುವುದು ಅವನ ಕೆಲಸ. ಕುರುಡು ಮಾಡದಿದ್ದರೆ ಕಾಡು ತಾನೇ ಚಿಗುರಿ ಮೇಲಿನದನ್ನು ಉಪವಾಸ ಕೆಡವುತ್ತದೆ. "ನನ್ನ ಹೆಂಡ್ತೀನೂ ಮದುವೆಯಾದ ವಾರದಲ್ಲೇ ನನಗೆ ಇದನ್ನೇ ಮಾಡಿದ್ಲು," ಎಂದು ಅವನು ಪ್ರತಿ ವರ್ಷ ಮೊದಲ ದಿನ ಹೇಳುತ್ತಿದ್ದ. ಪ್ರತಿ ವರ್ಷ ನಾವು ನಗುತ್ತಿದ್ದೆವು. ನಗದಿದ್ದರೆ ಮತ್ತೊಮ್ಮೆ ಹೇಳುತ್ತಿದ್ದ. ಅವನು ಎತುಶ್ ನೇನಿಯ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಮೇಲೆ ಅಂಗಳದಲ್ಲಿ ಓಡಾಡುತ್ತ ಎಲ್ಲರ ಮೇಲೂ ಕೂಗಾಡುವವನು ದೇನೆಶ್, ಅವಳ ತಮ್ಮನ ಮಗ. ಸಸಿತೋಟ ಅವನದು.

ನಾನು ಹೇಳಹೊರಟ ವರ್ಷ ದೇನೆಶ್ ಒಂದು ಒದ್ದೆ ಗೋಣಿಚೀಲವನ್ನು ಮಗುವನ್ನು ಎತ್ತಿಕೊಂಡಂತೆ ತಂದು ಮೇಜಿನ ಮೇಲಿಟ್ಟ.

"ಅತ್ತೆ, ಹರ್ಮತೋಶ್. ಮುನ್ನೂರು ಕಣ್ಣು. ಇಷ್ಟೇ ಸಿಕ್ಕಿದ್ದು."

ಹರ್ಮತೋಶ್ ಎಂದರೆ ಊರಿನ ಹಳೆಯ ಬಿಳಿ ದ್ರಾಕ್ಷಿ. ಆಗಸ್ಟಿನ ಸುಡುಬಿಸಿಲಲ್ಲೂ ಹಣ್ಣಿನ ಮೇಲೆ ಇಬ್ಬನಿ ಕೂತ ಹಾಗೆ ಕಾಣುತ್ತದೆ. ಅಜ್ಜಂದಿರ ಕಾಲದಲ್ಲಿ ಮದುವೆಗೆ ಅದರದೇ ವೈನು. ಆಮೇಲೆ ಒಂದೊಂದೇ ಗುಡ್ಡದಿಂದ ಮಾಯವಾಗಿ, ಕೊನೆಗೆ ಉಳಿದದ್ದು ಬೆಂಕಿ ಆರಿಸುವ ಬಂಡಿಯ ಕೊಟ್ಟಿಗೆ ಗೋಡೆಗೆ ಹಬ್ಬಿದ್ದ ಒಂದೇ ಬಳ್ಳಿ. ಕಲ್ಲುಹಾಸಿನ ಕೆಳಗಿದ್ದುದರಿಂದ ಉಳಿದ ಬಳ್ಳಿಗಳನ್ನೆಲ್ಲ ಒಣಗಿಸಿದ ಮಣ್ಣಿನ ಹೇನು ಅದರ ಬೇರಿಗೆ ಬಾಯಿ ಹಾಕಿರಲಿಲ್ಲ. ಬೇರೆಲ್ಲಿ ಊರಿದರೂ ಕಾಡುಬೇರಿನ ಆಸರೆ ಇಲ್ಲದೆ ಮೂರು ವರ್ಷವೂ ಬದುಕುವ ಜಾತಿಯಲ್ಲ. ಈಗ ಹೊಸ ಬಂಡಿ ಬರುತ್ತಿತ್ತು, ಅದಕ್ಕೆ ಅಗಲದ ಕೊಟ್ಟಿಗೆ ಬೇಕಿತ್ತು, ಈಸ್ಟರ್ ಮುಗಿದ ಮರುವಾರ ಗೋಡೆ ಬೀಳುವುದಿತ್ತು. ಗೋಡೆಯ ಜೊತೆಗೆ ಬಳ್ಳಿಯೂ. ಚೀಲದಲ್ಲಿದ್ದ ಮುನ್ನೂರು ಕಣ್ಣು ಕೂಡಿದರೆ ಹರ್ಮತೋಶ್ ಉಂಟು, ಇಲ್ಲದಿದ್ದರೆ ಇಲ್ಲ.

"ಬೇರೆ ಯಾರಿಗೂ ಕೊಡಲ್ಲ," ಎಂದ ದೇನೆಶ್. "ನಿಮ್ಮ ಕಿವೀನೇ ಬೇಕು."

ಅವಳು ಚೀಲದೊಳಗೆ ಕೈ ಹಾಕಿ ಒಂದು ಕಡ್ಡಿ ತೆಗೆದು, ಮೂಸಿ, ತಲೆಯಾಡಿಸಿದಳು. ಆಗ ಅವಳ ತಲೆಗೆ ಉಣ್ಣೆಯ ವಸ್ತ್ರ ಬಿಗಿದಿತ್ತು. ಹಿಂದಿನ ವಾರ ಬೀಗರ ಮನೆಯಲ್ಲಿ ಹಂದಿ ಕೊಯ್ದಾಗ ಒದ್ದೆ ಕೂದಲಲ್ಲೇ ಹೊರಗೆ ನಿಂತು ಕರುಳು ತೊಳೆದು ನೆಗಡಿ ತಂದುಕೊಂಡಿದ್ದಳು. ನಮಗೆ ಗೊತ್ತಿದ್ದದ್ದು ನೆಗಡಿ ಮಾತ್ರ.

ಮರುದಿನ ಹರ್ಮತೋಶ್ ಶುರು ಮಾಡಿದೆವು. ಮೊದಲ ಕಡ್ಡಿ, ಎರಡನೆಯದು, ಹತ್ತನೆಯದು. ಕೈ ಕಿವಿಗೆ ಹೋಗುತ್ತಿತ್ತು, ಬರುತ್ತಿತ್ತು. ಟಿಕ್, ಟಿಕ್. ಹನ್ನೆರಡನೆಯದು ಟಿಕ್ ಎನ್ನಲಿಲ್ಲ. ಹನ್ನೊಂದು ವರ್ಷ ಕೇಳಿದ ಕಿವಿ ನನ್ನದು, ಮೋಸ ಹೋಗುವಂತಿರಲಿಲ್ಲ. ಆದರೂ ಎತುಶ್ ನೇನಿ ಅದನ್ನು ನನ್ನ ಕೈಗೆ ಕೊಟ್ಟು ಮುಂದಿನದಕ್ಕೆ ಹೋದಳು. ನಾನು ಅವಳ ಮುಖ ನೋಡಿದೆ. ಅವಳು ಚಾಕುವನ್ನು ನೋಡುತ್ತಿದ್ದಳು, ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು.

ಇಪ್ಪತ್ತನೆಯದೂ ಹಾಗೆಯೇ ಆಯಿತು.

ಎದುರಿಗಿದ್ದ ವಿಂತ್ಸೆ ಬಾಚಿ ಹುಬ್ಬೇರಿಸಿದ. "ಎತುಶ್," ಎಂದ ಮಾಮೂಲಿ ದನಿಯಲ್ಲಿ, "ನಿನ್ನ ಸ್ಕರ್ಟಿಗೆ ಬೆಂಕಿ ಹತ್ತಿದೆ."

"ಹೂಂ," ಎಂದಳು ಅವಳು, ನಗುತ್ತ. "ಪ್ರತಿ ವರ್ಷ ಅದೇ ಜೋಕು."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಹೇಳುವುದು ಹೇಗೆ? ಅರವತ್ನಾಲ್ಕು ವರ್ಷದವಳಿಗೆ, ಅದೂ ತಾನೇ ಮುಚ್ಚಿಟ್ಟುಕೊಂಡದ್ದನ್ನು? ನಮ್ಮೂರಿನಲ್ಲಿ ಒಬ್ಬರು ಮುಚ್ಚಿಟ್ಟದ್ದು ಎಲ್ಲರಿಗೂ ಗೊತ್ತಿರುತ್ತದೆ, ಆದರೆ ತೆರೆಯುವ ಹಕ್ಕು ಮುಚ್ಚಿಟ್ಟವರದು. ನಾನು ಸುಮ್ಮನೆ ನನ್ನ ಬುಟ್ಟಿಯಿಂದ ಕೆಂಪು ಉಣ್ಣೆಯ ಉಂಡೆ ತೆಗೆದೆ. ಮೊಮ್ಮಗಳ ಕಾಲುಚೀಲಕ್ಕೆಂದು ಇಟ್ಟುಕೊಂಡದ್ದು. ಟಿಕ್ ಎಂದವಕ್ಕೆ ಬಿಳಿ ದಾರ. ಎನ್ನದವಕ್ಕೆ ಕೆಂಪು. ಮುಂದೆ ಅವುಗಳನ್ನು ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಬಿಚ್ಚಿ ಮತ್ತೆ ಕೊಯ್ಯೋಣವೆಂದರೆ ಕಣ್ಣಿಗೆ ಇನ್ನೊಂದು ಗಾಯ ತಡೆಯುವಷ್ಟು ಉದ್ದವಿರಲಿಲ್ಲ. ಆ ಮುದಿ ಬಳ್ಳಿ ಕೊಟ್ಟದ್ದೇ ಗಿಡ್ಡ ಕಡ್ಡಿ. ಗುರುತಾದರೂ ಇರಲಿ ಎಂದುಕೊಂಡೆ. ಸಂಜೆಗೆ ಮೂವತ್ತೊಂದು ಕೆಂಪು ದಾರ ಮೇಣದೊಳಗೆ ಮುಳುಗಿದ್ದವು. ಮುನ್ನೂರೂ ಒಂದೇ ಪೆಟ್ಟಿಗೆಯಲ್ಲಿ, ಕಸಿ ಬೆಸೆಯಲು ಬೆಚ್ಚಗಿಡುವ ಬಿಸಿಕೋಣೆಗೆ ಹೋದವು.

ಗುಟ್ಟು ಹೊರಬಿದ್ದದ್ದು ಮೂರನೇ ದಿನ, ಶುಕ್ರವಾರ. ಬೇರೆ ಜಾತಿಯ ಕಸಿ ನಡೆಯುತ್ತಿತ್ತು. ನಾನು ಮನೆಗೆ ಹೋಗಿದ್ದೆ, ಮೇಣದ ಪಾತ್ರೆ ನೋಡಿಕೊಳ್ಳಲು ಅವಳಿಗೆ ಹೇಳಿ. ದೇನೆಶ್ ಮೆಟ್ಟಿಲ ಮೇಲಿಂದ ಕೂಗಿದ.

"ಅತ್ತೆ, ಮೇಣ ಕಾಯಿಸಿದ್ರಾ?"

"ಆಗ್ಲೇ ಆಯ್ತಪ್ಪ. ಮೇಲೆ ಅಡಿಗೆಮನೇಲಿದೆ."

"ಅಡಿಗೆಮನೇಲಿ ಯಾಕೆ?"

"ಇನ್ನೆಲ್ಲಿ ಕಾಯಿಸ್ಲಿ? ಖಾರದಪುಡಿ ಜಾಸ್ತಿ ಹಾಕಿದ್ದೀನಿ, ನಿನಗೆ ಹಾಗೇ ತಾನೆ ಇಷ್ಟ?"

ದೇನೆಶ್ ಒಂದು ಕ್ಷಣ ಗೋಡೆ ಹಿಡಿದುಕೊಂಡನಂತೆ. "ಮೇಣಕ್ಕೆ ಖಾರದಪುಡಿನಾ?"

"ಈರುಳ್ಳಿನೂ ಇದೆ. ಮಾಂಸ ಮುಟ್ಟದ ಉಪವಾಸದ ಶುಕ್ರವಾರ ಮೀನು ಬಿಟ್ಟು ಇನ್ನೇನು ಕಾಯಿಸ್ಲಿ ನಾನು?"

ನಾನು ವಾಪಸು ಬರುವಾಗ ದೇನೆಶ್ ಅಂಗಳದಲ್ಲಿ ನಿಂತು ಮೀನುಸಾರು ಕುಡಿಯುತ್ತಿದ್ದ, ವಿಂತ್ಸೆ ಬಾಚಿ ಮರದ ಹೊಟ್ಟಿನ ಚೀಲಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಎತುಶ್ ನೇನಿ ಮಾತ್ರ ನಗುತ್ತಿರಲಿಲ್ಲ. ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಳು.

"ಎಷ್ಟು ದಿನ ಆಯ್ತು?" ದೇನೆಶ್ ಬಲಗಿವಿಯ ಹತ್ತಿರ ಬಾಯಿಟ್ಟು ಕೇಳಿದ.

"ಹಂದಿ ಕೊಯ್ದ ದಿನದಿಂದ. ತಲೆಯೊಳಗೆ ಬಾವಿ ಇದ್ದ ಹಾಗಿದೆ. ನನ್ನ ಮಾತು ನನಗೇ ಗುಂಯ್ ಅನ್ನತ್ತೆ, ನಿಮ್ಮದು ಬರೀ ತುಟಿ."

"ಮತ್ತೆ ಹರ್ಮತೋಶ್?"

ಅವಳು ಬಿಸಿಕೋಣೆಯ ಬಾಗಿಲ ಕಡೆ ನೋಡಿದಳು. ಅವನು ಸಾರಿನ ಬಟ್ಟಲನ್ನು ಮೆಲ್ಲಗೆ ಕಿಟಕಿಯ ಮೇಲಿಟ್ಟ.

ಸೋಮವಾರ ಅವಳನ್ನು ಪೇಟೆಗೆ, ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ಮಾತು. "ಮುನ್ನೂರನ್ನೂ ಕಿವುಡಾಗಿ ಕಟ್ಟಿದೆ ಪಿರಿ. ಗೊತ್ತಿದ್ದೂ ಕಟ್ಟಿದೆ. ನಾಳೆ ಬಿಟ್ಟೀತು, ನಾಳೆ ಬಿಟ್ಟೀತು ಅಂತ." ಕೆಂಪು ದಾರದ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಬಸ್ಸಿನಲ್ಲಿ ಕಿವುಡರಿಗೆ ಗುಟ್ಟು ಹೇಳುವುದೆಂದರೆ ಡ್ರೈವರಿಗೂ ಹೇಳಿದಂತೆ. ನುಂಗಿಕೊಂಡೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಗುಂಗುರು ಕೂದಲು, ದೊಡ್ಡ ದನಿ. ಕಬ್ಬಿಣದ ಕವಲೊಂದನ್ನು ಮೊಣಕಾಲಿಗೆ ಬಡಿದು ಎತುಶ್ ನೇನಿಯ ಬಲಗಿವಿಯ ಮುಂದೆ ಹಿಡಿದಳು. ಏನೂ ಇಲ್ಲ. ಮತ್ತೆ ಬಡಿದು ಹಣೆಯ ನಡುವೆ ಊರಿದಳು. ಎತುಶ್ ನೇನಿ ಬೆಚ್ಚಿ ಬಲಗಿವಿ ಮುಟ್ಟಿಕೊಂಡಳು.

"ಕೇಳತ್ತೆ! ಇಲ್ಲಿ, ಒಳಗೆ, ಜೇನುಗೂಡಿನ ಹಾಗೆ."

"ಕೇಳಲೇಬೇಕು. ಕಿವಿ ಚೆನ್ನಾಗೇ ಇದೆ ನೇನಿ, ಬಾಗಿಲು ಅಂಟಿಕೊಂಡಿದೆ ಅಷ್ಟೆ," ಎಂದು ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದಳು. ಕಿವಿಯ ಪರದೆಯ ಹಿಂದೆ ಕಡಲೆಕಾಳಿನಷ್ಟು ಕೋಣೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಓಣಿ. ಆ ಓಣಿ ಸದಾ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಮಾತ್ರ ತೆರೆದು ಕೋಣೆಗೆ ಒಂದು ಗುಟುಕು ಗಾಳಿ ಕೊಟ್ಟು ಮತ್ತೆ ಮುಚ್ಚುತ್ತದೆ. ನೆಗಡಿಯಿಂದ ಊದಿಕೊಂಡು ಈಗ ತೆರೆಯುವುದನ್ನೇ ಮರೆತಿದೆ. ಕೋಣೆಯಲ್ಲಿ ನೀರು ತುಂಬಿದೆ.

ಎತುಶ್ ನೇನಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದು ನಮ್ಮ ಬಿಸಿಕೋಣೆ ಕಣಮ್ಮ," ಎಂದಳು. "ಬೆಚ್ಚಗೆ, ಒದ್ದೆ, ಕತ್ತಲೆ. ಗಾಳಿ ಕೊಡದಿದ್ರೆ ಎಲ್ಲಾ ಬೂಸಲು."

"ಅದಕ್ಕೇ ಈಗ ಗಾಳಿ ಕೊಡ್ತೀನಿ."

ಡಾಕ್ಟರಮ್ಮ ರಬ್ಬರಿನ ಚೆಂಡೊಂದರ ಮೂತಿಯನ್ನು ಅವಳ ಮೂಗಿನ ಹೊಳ್ಳೆಗೆ ಸಿಕ್ಕಿಸಿ, ಇನ್ನೊಂದು ಹೊಳ್ಳೆ ಒತ್ತಿ ಹಿಡಿದು, ಕಾಗದದ ಮೇಲೆ ದೊಡ್ಡದಾಗಿ ಬರೆದಳು: ನಾನು ಒತ್ತಿದ ಕೂಡಲೇ 'ಕಕುಕ್' ಅನ್ನಬೇಕು.

"ಕೋಗಿಲೆ ಥರಾನಾ?"

ಡಾಕ್ಟರಮ್ಮ ತಲೆಯಾಡಿಸಿದಳು. ಕ ಎನ್ನುವಾಗ ಬಾಯಿಯ ಅಂಗುಳ ಮೇಲೆದ್ದು ಗಾಳಿಗೆ ಆ ಓಣಿಯೊಂದೇ ದಾರಿ ಉಳಿಯುತ್ತದಂತೆ. ಎತುಶ್ ನೇನಿ ನನ್ನ ಕಡೆ ತಿರುಗಿ, "ಇದನ್ನ ವಿಂತ್ಸೆಗೆ ಹೇಳಿದ್ರೆ ನಿನ್ನನ್ನ ಪೆಟ್ಟಿಗೇಲಿ ಹೂತುಬಿಡ್ತೀನಿ," ಎಂದು, ಬೆನ್ನು ನೆಟ್ಟಗೆ ಮಾಡಿ, ಇಗರ್ಜಿಯಲ್ಲಿ ಪ್ರಾರ್ಥನೆ ಹೇಳುವ ಗಾಂಭೀರ್ಯದಲ್ಲಿ ಕೂಗಿದಳು:

"ಕಕುಕ್."

ಪೊರ್ರ್ ಎಂದು ಗಾಳಿ ಹೋಯಿತು. ಅವಳ ಕಣ್ಣು ಅಗಲವಾಯಿತು. "ಗಡಿಯಾರ," ಎಂದಳು. "ಗೋಡೆಗಡಿಯಾರ ಓಡ್ತಿದೆ."

ಬಸ್ಸಿನಲ್ಲಿ ಅವಳು ಎಲ್ಲವನ್ನೂ ಕೇಳಿಸಿಕೊಂಡಳು: ಟಿಕೆಟ್ ಹರಿಯುವ ಸದ್ದು, ಹಿಂದಿನ ಸೀಟಿನ ಹುಡುಗಿಯರ ಗುಸುಗುಸು, ನನ್ನ ಕೈಚೀಲದಲ್ಲಿ ಪೊಗಾಚ ರೊಟ್ಟಿಯ ಪೊಟ್ಟಣ. ಊರಿನ ಏರು ಹತ್ತುವಾಗ ನನ್ನ ಕಡೆ ತಿರುಗಿ ಕೂತಳು. ನಾನು ಏನೋ ಹೇಳುತ್ತಿದ್ದೆ. ಅವಳು ನನ್ನ ತುಟಿ ನೋಡುತ್ತಿದ್ದಳು.

"ಮುಚ್ಚಿಕೊಂಡ್ತು," ಎಂದಳು. "ಸುಳ್ಳು ಕಣ್ಣು."

ಆ ಮಾತು ನಮ್ಮ ಕಸುಬಿನದು. ಕತ್ತರಿಸಿದ ಕಡ್ಡಿಯ ಹೊಟ್ಟೆಯಲ್ಲಿ ಒಂದಿಷ್ಟು ಬುತ್ತಿ ಉಳಿದಿರುತ್ತದೆ. ಬಿಸಿಕೋಣೆಯಲ್ಲಿ ಮೈ ಬೆಚ್ಚಗಾದರೆ ಕಣ್ಣು ಆ ಬುತ್ತಿಯನ್ನೇ ತಿಂದು ಊದಿ, ಹೊದಿಕೆ ಬಿರಿದು, ಗುಲಾಬಿ ಬಣ್ಣದ ಉಣ್ಣೆಯಂಥದ್ದು ಕಾಣಿಸಿ, ಹಸಿರು ತುದಿಯನ್ನೂ ತೋರಿಸುತ್ತದೆ. ಕೆಳಗಿನ ಕಡ್ಡಿಗೆ ಬೆಸೆದಿರಬೇಕೆಂದೇನೂ ಇಲ್ಲ. ಬುತ್ತಿ ಮುಗಿದ ದಿನ ಒಣಗುತ್ತದೆ. ಹೊಸಬರು ಅದನ್ನು ನೋಡಿ ಕುಣಿಯುತ್ತಾರೆ. ಹಳಬರು ಹೆಬ್ಬೆರಳನ್ನು ಮಾತ್ರ ನಂಬುತ್ತಾರೆ: ಮೂರು ವಾರವಾದ ಮೇಲೆ ಪೆಟ್ಟಿಗೆ ತೆರೆದು ಮೇಲಿನ ತುಂಡನ್ನು ಹೆಬ್ಬೆರಳಿನಿಂದ ನೂಕಿದಾಗ ಅದು ಅಲ್ಲಾಡಬಾರದು. ಅಲ್ಲಿಯ ತನಕ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕೂಡುತ್ತಿದ್ದ ಗಾಯ ಹರಿಯುತ್ತದೆ.

ಆದರೆ ಆ ದಿನದ ಪ್ರಯಾಣ ವ್ಯರ್ಥವಾಗಲಿಲ್ಲ. ಬಸ್ಸಿನಿಂದ ಇಳಿದವಳೇ ಮನೆಗೂ ಹೋಗದೆ ನೆಲಮಾಳಿಗೆಗೆ ಇಳಿದಳು. ಎರಡು ಕಡ್ಡಿ ಕೊಯ್ದಳು. ಕಾಡುಕಡ್ಡಿಯ ಬಾಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲಿನದನ್ನು ಒತ್ತಿದಳು. ಆಮೇಲೆ, ಬಾಯಿತುಂಬ ಕಡ್ಡಿಯಿಟ್ಟುಕೊಂಡೇ, ನಮ್ಮ ಕಡೆ ನೋಡಿ ನಕ್ಕಳು.

"ಏನಾಯ್ತು?" ವಿಂತ್ಸೆ ಬಾಚಿ ಹೆದರಿದ.

"ಟಿಕ್ ಅಲ್ಲ ಕಣೋ," ಎಂದಳು ಕಡ್ಡಿ ತೆಗೆದು. "ಟಂಕ್. ಇಗರ್ಜಿ ಗಂಟೆ ಹಾಗೆ. ಹಣೆಯಲ್ಲಿ ಕೇಳಿಸಿದ್ರೆ ಹಲ್ಲಲ್ಲಿ ಕೇಳಿಸಲ್ವಾ?"

ಅಂದಿನಿಂದ ಹಂಗಾಮು ಮುಗಿಯುವವರೆಗೆ ಅವಳು ಹಲ್ಲಿನಿಂದ ಕೇಳಿದಳು. ತುಟಿ ಕಡ್ಡಿಸಿಪ್ಪೆಯ ಕಂದು ಬಣ್ಣಕ್ಕೆ ತಿರುಗಿತು. ಪಾದ್ರಿಗಳು ನೋಡಿ, ಉಪವಾಸದ ತಿಂಗಳಲ್ಲಿ ಚಾಕೊಲೆಟ್ಟೇ ಎಂದು ನಿಟ್ಟುಸಿರಿಟ್ಟರು. ವಿಂತ್ಸೆ ಬಾಚಿ ಅವಳ ಕಡ್ಡಿಗಳ ಬಾಲಕ್ಕೆ ಉಪ್ಪು ಸವರಿ ಇಟ್ಟ. ಒಮ್ಮೆ ಜೇನನ್ನೂ ಸವರಿದ್ದ, ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕೆಲಸ ಮುಗಿದ ಮೇಲೆ ದಿನವೂ ಅವಳು ಬಿಸಿಕೋಣೆಯಲ್ಲಿ ಹರ್ಮತೋಶ್ ಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಹನ್ನೆರಡನೇ ದಿನಕ್ಕೆ ಹೊಟ್ಟಿನ ಮೇಲೆ ಗುಲಾಬಿ ಚುಕ್ಕೆಗಳು ಕಂಡವು. ದೇನೆಶ್ ಚಪ್ಪಾಳೆ ತಟ್ಟಿ ಅವಳಿಗೆ ತೋರಿಸಿದ. "ಅತ್ತೆ, ಕಣ್ಣು ಬಿಟ್ಟಿವೆ, ಎಲ್ಲಾ!"

"ಕಣ್ಣು ಬಿಡೋದೇನು ದೊಡ್ಡದು," ಎಂದಳು ಅವಳು. "ಸತ್ತ ಲಯೋಶನೂ ಒಂದು ಕಣ್ಣು ಬಿಟ್ಟುಕೊಂಡೇ ಇದ್ದ."

ಈಸ್ಟರ್ ಕಳೆಯಿತು. ಕೊಟ್ಟಿಗೆಯ ಗೋಡೆ ಬಿತ್ತು. ಗರಗಸ ಆ ಬಳ್ಳಿಯ ಕಾಂಡ ಕೊಯ್ಯುವ ಸದ್ದು ಇಡೀ ಊರಿಗೆ ಕೇಳಿಸಿತು, ಅವಳೊಬ್ಬಳನ್ನು ಬಿಟ್ಟು. ಕಿಟಕಿಯಿಂದ ಮೇಲೇಳುವ ಧೂಳನ್ನು ಮಾತ್ರ ನೋಡಿ, ಎದ್ದು ಹೋಗಿ ಪರದೆ ಎಳೆದಳು. ಮರುದಿನ ಹೋಗಿ ನೋಡಿದಾಗ ಮೋಟಿನಿಂದ ರಸ ಹನಿಯುತ್ತಿತ್ತಂತೆ. ಒಂದು ಮಡಕೆಚೂರನ್ನು ಅದರ ಕೆಳಗಿಟ್ಟು ಬಂದಿದ್ದಳು.

ಪೆಟ್ಟಿಗೆ ತೆರೆದದ್ದು ಏಪ್ರಿಲ್ ನಡುವಿನ ಒಂದು ಬಿಸಿಲಿನ ಬೆಳಗ್ಗೆ, ಅಂಗಳದಲ್ಲಿ. ಉದ್ದದ ಮೇಜು ಹಾಕಿ, ಒದ್ದೆ ಚೀಲ ಹಾಸಿ, ನಾವೆಲ್ಲ ಸುತ್ತ ನಿಂತೆವು. ಬೆಂಕಿಬಂಡಿಯ ಮುಖ್ಯಸ್ಥ ಓದೋನ್ ಸಮವಸ್ತ್ರ ಹಾಕಿಕೊಂಡೇ ಬಂದಿದ್ದ. ಗೋಡೆ ಕೆಡವಿಸಿದವನು ತಾನೇ ಎಂಬ ಅಳುಕು ಅವನಿಗಿತ್ತು. ಎತುಶ್ ನೇನಿ ತೋಳು ಮಡಿಸಿ, ಮೊದಲ ಕಡ್ಡಿ ತೆಗೆದು, ಹೆಬ್ಬೆರಳಿಟ್ಟು ನೂಕಿದಳು. ಮೇಲಿನ ತುಂಡು ಹಸಿರು ತುದಿಯ ಸಮೇತ ಮೇಜಿನ ಮೇಲೆ ಬಿತ್ತು.

ಓದೋನ್ ತನ್ನ ಬೂಟುಗಳನ್ನು ನೋಡಿಕೊಂಡ.

ಎರಡನೆಯದು ಅಲ್ಲಾಡಲಿಲ್ಲ. ಕೂಡಿದ ಜಾಗದಲ್ಲಿ ಹೂಕೋಸಿನ ಹೂವಿನಂಥ ಬಿಳಿ ಬೆಸುಗೆ ಸುತ್ತಲೂ ಉಕ್ಕಿ, ಮೇಣವನ್ನೇ ಸೀಳಿತ್ತು. ಮೂರನೆಯದೂ ಹಾಗೆಯೇ. ನಾಲ್ಕು, ಐದು. ಎಂಟನೆಯದು ಬಿತ್ತು. ಹಸಿರಾಗಿ ಎರಡೆಲೆ ಬಿಟ್ಟು ಮೆರೆಯುತ್ತಿದ್ದವೇ ಹೆಚ್ಚಾಗಿ ಬೀಳುತ್ತಿದ್ದವು. ಕಣ್ಣು ಅರೆ ತೆರೆದು ಇನ್ನೂ ಯೋಚಿಸುತ್ತಿರುವಂತಿದ್ದವು ನಿಲ್ಲುತ್ತಿದ್ದವು. ಅವಳ ಹೆಬ್ಬೆರಳು ನಿಧಾನವಾಗಿ ಧೈರ್ಯ ತಂದುಕೊಂಡಿತು.

ನಡುವೆ ಒಂದನ್ನು ಎತ್ತಿ ಮೇಣದ ಸೀಳಿನಲ್ಲಿ ಇಣುಕಿದಳು. "ಇದೇನಿದು, ಕೆಂಪು ದಾರ?"

ನಾನು ಬಾಯಿ ತೆರೆದೆ. ವಿಂತ್ಸೆ ಬಾಚಿ ಅವಳ ಮುಖದ ಮುಂದೆ ಹೋಗಿ, ತುಟಿ ಕಾಣುವಂತೆ, "ಬಿಳೀದು ಮುಗಿದಿತ್ತು," ಎಂದ.

ಅವಳು ನನ್ನನ್ನು ನೋಡಿ, ಅದನ್ನು ನೂಕಿದಳು. ಅಲ್ಲಾಡಲಿಲ್ಲ.

ಮುಗಿದಾಗ ನಿಂತವು ಇನ್ನೂರ ಇಪ್ಪತ್ತಾರು. ಓದೋನ್ ಟೋಪಿ ತೆಗೆದು ಎತುಶ್ ನೇನಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ದೇನೆಶ್ ಹಣ್ಣಿನ ಸಾರಾಯಿ ಪಾಲಿಂಕಾದ ಬಾಟಲಿ ತರಲು ಓಡಿದ. ಅವಳು ಬೆಂಚಿನ ಮೇಲೆ ಕೂತು, ಬಿಸಿಲಿಗೆ ಕಾಲು ಚಾಚಿ, ಮೂರು ವಾರದಿಂದ ಹಿಡಿದಿಟ್ಟುಕೊಂಡದ್ದನ್ನೆಲ್ಲ ಬಿಟ್ಟವಳಂತೆ ಒಂದು ಆಕಳಿಕೆ ತೆಗೆದಳು. ದವಡೆ ಕಳಚುವಷ್ಟು ದೊಡ್ಡದು. ಆಮೇಲೆ ಸುಮ್ಮನೆ ಕಣ್ಣುಮುಚ್ಚಿ ಕೂತಳು, ಮುಖದ ಮೇಲೆ ಏನೂ ಇರಲಿಲ್ಲ.

ವಿಂತ್ಸೆ ಬಾಚಿ ಬಿದ್ದ ಕಡ್ಡಿಗಳನ್ನು ಬುಟ್ಟಿಗೆ ತುಂಬುತ್ತ ನನ್ನನ್ನು ಕರೆದ. ಪಿಸುಗುಡುವ ಗೋಜಿಗೂ ಹೋಗಲಿಲ್ಲ.

"ಎಣಿಸ್ದೆ ಕಣೇ ಪಿರಿ. ನಿನ್ನ ಕೆಂಪು ಮೂವತ್ತೊಂದರಲ್ಲಿ ಬಿದ್ದದ್ದು ಏಳೇ ಏಳು. ಟಿಕ್ ಅಂದ ಬಿಳೀದರಲ್ಲಿ ಅರವತ್ತೇಳು. ಒಂದೇ ಲೆಕ್ಕ ಅಲ್ವಾ? ಟಿಕ್ ಅಂದ್ರೂ ಅಷ್ಟೆ, ಅನ್ನದಿದ್ರೂ ಅಷ್ಟೆ."

"ಮೆಲ್ಲಗೆ ಬಾಚಿ."

"ಯಾಕೆ ಮೆಲ್ಲಗೆ? ಅವಳಿಗೆ ಇಗರ್ಜಿ ಬಿದ್ರೂ ಕೇಳಲ್ಲ. ಹೇಳ್ತೀನಿ ಕೇಳು, ಅವಳಪ್ಪನ ಹತ್ರ ಒಂಬತ್ತು ವರ್ಷ ಕೆಲಸ ಮಾಡ್ದೆ. ಒಂದು ದಿನಾನೂ ಆತ ಕಡ್ಡೀನ ಕಿವಿಗೆ ಹಿಡಿದೋನಲ್ಲ. ಒಂದು ಸಲ ಕೇಳಿದೆ, ಯಜಮಾನ್ರೆ, ಮಗೂಗೆ ಇದೇನು ಕಲಿಸಿದ್ದೀರಾ ಅಂತ. ಅದಕ್ಕೆ ಆತ, ಸುಮ್ನಿರೋ ವಿಂತ್ಸೆ, ಅವಳು ಅಳೋದು ನಿಂತಿದೆ ಅಂದ. ಐವತ್ತೈದು ವರ್ಷದಿಂದ ನಾನು ಸುಮ್ನೇ ಇದ್ದೀನಿ. ಕೆಲಸ ಎಲ್ಲಾ ಅವಳ ಕೈದು. ಕಿವಿ ಸುಮ್ನೆ ಜೊತೆಗೆ ಹೋಗಿ ಬರ್ತಿತ್ತು."

"ವಿಂತ್ಸೆ," ಎಂದಳು ಎತುಶ್ ನೇನಿ, ಕಣ್ಣು ತೆರೆಯದೆ.

"ಏನೇ?"

"ಸ್ವಲ್ಪ ಮೆಲ್ಲಗೆ ಮಾತಾಡು. ಕಿವಿ ನೋಯತ್ತೆ."

ವಿಂತ್ಸೆ ಬಾಚಿಯ ಕೈಯಿಂದ ಬುಟ್ಟಿ ಜಾರಿತು. ಅಷ್ಟು ವರ್ಷದಲ್ಲಿ ಅವನಿಗೆ ಜೋಕು ಹೊಳೆಯದೇ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವಳು ಎದ್ದು ಮೇಜಿನ ಹತ್ತಿರ ಬಂದು, ನಿಂತ ಕಡ್ಡಿಗಳಲ್ಲಿ ಕೈಯಾಡಿಸಿ, ಕೆಂಪು ದಾರದ್ದೊಂದನ್ನು ಆರಿಸಿಕೊಂಡಳು. ಅಭ್ಯಾಸದಂತೆ ಬಲಗಿವಿಯ ಹತ್ತಿರ ಒಯ್ದಳು. ಬೆಸೆದು ಒಂದಾದ ಕಡ್ಡಿ, ಅದು ಇನ್ನೇನು ಹೇಳೀತು. ಆದರೂ ಒಂದು ಕ್ಷಣ ಹಿಡಿದುಕೊಂಡೇ ಇದ್ದಳು, ತಲೆ ಓರೆ ಮಾಡಿ, ಒಂಬತ್ತು ವರ್ಷದ ಹುಡುಗಿಯ ಹಾಗೆ.

"ನೇನಿ," ಎಂದೆ ನಾನು. ಇನ್ನು ತಡಮಾಡಬಾರದು ಅನ್ನಿಸಿತು. "ಆ ಕೆಂಪು ದಾರ ಇದೆಯಲ್ಲ, ಅದು ನಾನು ಯಾಕೆ ಕಟ್ಟಿದ್ದು ಅಂದ್ರೆ..."

ಮೇಲಿನ ಜಾಲಿತೋಪಿನಿಂದ ಆ ವರ್ಷದ ಮೊದಲ ಕೋಗಿಲೆಯ ಕೂಗು ಬಂತು. ಕಕುಕ್. ತುಸು ಬಿಟ್ಟು ಮತ್ತೊಂದು.

ಅವಳು ನನ್ನ ಕಡೆ ಒಂದು ಬೆರಳೆತ್ತಿ ತಡೆದಳು.

"ಕಕುಕ್," ಎಂದು ಉತ್ತರ ಕೊಟ್ಟಳು, ಡಾಕ್ಟರಮ್ಮನ ಕೋಣೆಯಲ್ಲಿ ಹೇಳಿದಷ್ಟೇ ಗಂಭೀರವಾಗಿ.

"ಎತುಶ್, ನಾನು ಹೇಳಿದ್ದು ಏನಂದ್ರೆ, ನಿಮ್ಮಪ್ಪ..." ವಿಂತ್ಸೆ ಬಾಚಿ ಟೋಪಿ ಹಿಂಡುತ್ತ ಶುರು ಮಾಡಿದ. ದೇನೆಶ್ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತು, "ಅತ್ತೆ, ನಿಮಗೆ ದೊಡ್ಡ ಲೋಟನಾ ಚಿಕ್ಕದಾ?" ಎಂದು ಕೂಗಿದ. ಕೆಂಪು ದಾರದ ಕಡ್ಡಿಯನ್ನು ಅವಳು ಅಂಗಿಯ ಜೇಬಿಗೆ ಸಿಕ್ಕಿಸಿ, ಆಗಲೇ ಗೇಟು ದಾಟಿ, ತೋಪಿನ ದಾರಿಯಲ್ಲಿ ನಡೆಯುತ್ತಿದ್ದಳು.